ತೋಟದ ಲೆಕ್ಕದ ಫೈಲ್ ಎಲ್ಲಾ ಲಾಕ್ ಆಗೋಗಿದೆ, ಡಾಲರಲ್ಲಿ ದುಡ್ಡು ಕೇಳ್ತಿದಾರೆ, ಏನ್ ಮಾಡ್ಲಿ?

ತೋಟದ_ರೈಟರ್:
ನಮಸ್ಕಾರ ಎಲ್ರಿಗೂ. ಸೋಮವಾರಪೇಟೆ ಹತ್ರ ಕಾಫಿ ತೋಟದಲ್ಲಿ ರೈಟರ್ ಆಗಿದೀನಿ, ಚೆಕ್‌ರೋಲು (ಕೂಲಿಯವ್ರ ಹಾಜರಿ), ಹಣ್ಣು ಕುಯ್ದ ಲೆಕ್ಕ, ಬಟವಾಡೆ ಎಲ್ಲಾ ಒಂದೇ ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಮಾಡಿಟ್ಟಿರೋದು. ಮೊನ್ನೆ ಅಕ್ಕನ ಮಗ ರಜೆಗೆ ಬಂದವ್ನು "ಮಾವ, ಇನ್ನೂ ಎಕ್ಸೆಲ್ಲಾ, ತಡೀರಿ ಅಕೌಂಟಿಂಗ್ ಸಾಫ್ಟ್‌ವೇರ್ ಫ್ರೀಯಾಗಿ ಹಾಕ್ಕೊಡ್ತೀನಿ" ಅಂತ ಟೊರೆಂಟಿಂದ, ಅಂದ್ರೆ ಜನಜನಾನೇ ಫೈಲ್ ಹಂಚ್ಕೊಳ್ಳೋ ಕಡೆಯಿಂದ, ಕ್ರ್ಯಾಕ್ (ದುಡ್ಡು ಕಟ್ದೆ ಓಡೋ ಕಳ್ಳ ಕಾಪಿ) ಇಳಿಸ್ದ. ಜಿಪ್‌ಗೆ ಪಾಸ್‌ವರ್ಡ್ 1234 ಅಂತ ಪಕ್ಕದಲ್ಲೇ ಬರ್ದಿತ್ತು, ಆಂಟಿವೈರಸ್ ಆಫ್ ಮಾಡಿ ಅಂತಾನೂ ಇತ್ತು, ಆಫ್ ಮಾಡಿದ್ದು ನಾನೇ, ಹುಡುಗನ್ನ ಬೈದು ಪ್ರಯೋಜನ ಇಲ್ಲ. ಡಬಲ್ ಕ್ಲಿಕ್ ಮಾಡಿದ್ರೆ ಸಾಫ್ಟ್‌ವೇರ್ ಬರ್ಲಿಲ್ಲ, ವಿಂಡೋಸ್ ಅಪ್‌ಡೇಟ್ ಆಗ್ತಿದೆ ಅಂತ ಬಂತು, ಆಗ್ಲಿ ಬಿಡು ಅಂತ ಊಟಕ್ಕೆ ಹೋದ್ವಿ. ವಾಪಸ್ ಬಂದು ನೋಡಿದ್ರೆ ಎಲ್ಲಾ ಫೈಲಿನ ಬಾಲಕ್ಕೆ ಅರ್ಥವಿಲ್ಲದ ನಾಲ್ಕಕ್ಷರ ಅಂಟ್ಕೊಂಡಿದೆ, ಒಂದೂ ಓಪನ್ ಆಗಲ್ಲ, ಪ್ರತಿ ಫೋಲ್ಡರಲ್ಲೂ ಒಂದೊಂದು ಚೀಟಿ, 980 ಡಾಲರ್ ಕೊಡಿ, 72 ಗಂಟೆ ಒಳಗಾದ್ರೆ 490 ಅಂತ. ಅರ್ಧ ರೇಟಂದ್ರೂ ನಲವತ್ತು ಸಾವಿರ ದಾಟುತ್ತೆ. ಬ್ಯಾಕಪ್ ಪೆನ್‌ಡ್ರೈವ್ ಇತ್ತು, ಅದೂ ಲ್ಯಾಪ್‌ಟಾಪಿಗೇ ಚುಚ್ಚಿತ್ತು, ಅದೂ ಹೋಯ್ತು. ಶನಿವಾರ ಬಟವಾಡೆ, ಸಾವ್ಕಾರ್ರಿಗೆ ಇನ್ನೂ ಹೇಳಿಲ್ಲ. ಕಟ್ಟಿಬಿಡ್ಲಾ?

ಕುಶಾಲನಗರ_ರಿಪೇರಿ:
ಕಟ್ಬೇಡಿ. ಕಟ್ಟಿದ್ರೆ ಬೀಗದ ಕೈ ಕೊಟ್ಟೇ ಕೊಡ್ತಾರೆ ಅನ್ನೋಕೆ ಯಾವ ಗ್ಯಾರಂಟಿನೂ ಇಲ್ಲ. ಮೊದ್ಲು ನೆಟ್ ಆಫ್ ಮಾಡಿ, ಪೆನ್‌ಡ್ರೈವ್ ಕೀಳಿ. ಆ 980-490 ಲೆಕ್ಕ, ಆ ಸುಳ್ಳು ಅಪ್‌ಡೇಟ್ ನೋಡಿದ್ರೆ ಇದು ಸ್ಟಾಪ್ ಡಿಜೆವಿಯು ಅನ್ನೋ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರಾನ್ಸಮ್‌ವೇರ್ ಜಾತಿದು, ಕ್ರ್ಯಾಕ್ ಜೊತೆಗೇ ಬರೋದು, ನನ್ನ ಅಂಗಡಿಗೂ ಇಂಥವು ಎರಡು ಬಂದಿದ್ವು. ಚೀಟಿ ಕೊನೇಲಿ ಪರ್ಸನಲ್ ಐಡಿ ಅಂತ ಉದ್ದಕ್ಕೆ ಇರುತ್ತೆ, ಅದು ಟಿ1 ಅಂತ ಮುಗಿದಿದ್ರೆ ಆಫ್‌ಲೈನ್ ಕೀ, ಅಂದ್ರೆ ತುಂಬಾ ಜನಕ್ಕೆ ಒಂದೇ ಬೀಗದ ಕೈ, ಆಂಟಿವೈರಸ್ ಕಂಪನಿ ಎಮ್ಸಿಸಾಫ್ಟ್‌ನವ್ರು 2019ರಲ್ಲಿ ಬಿಟ್ಟಿರೋ ಫ್ರೀ ಟೂಲಲ್ಲಿ ಬಿಚ್ಕೊಳ್ಳೋ ಚಾನ್ಸ್ ಇದೆ. ಬೇರೆ ಥರ ಮುಗಿದಿದ್ರೆ ಕಷ್ಟ, ಆದ್ರೂ ಲಾಕ್ ಆದ ಫೈಲ್ ಡಿಲೀಟ್ ಮಾಡ್ಬೇಡಿ, ಒಂದು ಕಾಪಿ ತೆಗ್ದಿಡಿ, ಮುಂದೆ ಯಾವತ್ತಾದ್ರೂ ಕೀ ಹೊರಗೆ ಬಂದ್ರೆ ಬೇಕಾಗುತ್ತೆ. ಇನ್ನೊಂದು, ಇದು ಪ್ರತಿ ಫೈಲಿನ ಶುರುವಿನ 150 ಕೆಬಿ ಅಷ್ಟೇ ಕೆಡಿಸೋದು, ಹಾಗಾಗಿ ದೊಡ್ಡ ವಿಡಿಯೋ ಎಷ್ಟೋ ಸಲ ರಿಪೇರಿ ಆಗುತ್ತೆ, ಎಕ್ಸೆಲ್ ಪಾಪ ಚಿಕ್ಕದು, ಪೂರ್ತಿ ಬಲಿ.

ಆಮೇಲೆ ಮರೀಬೇಡಿ, ಇದರ ಜೊತೆ ಪಾಸ್‌ವರ್ಡ್ ಕದಿಯೋ ವೈರಸ್ಸೂ ಎಷ್ಟೋ ಸಲ ಬಂದಿರುತ್ತೆ. ಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲಾ ಇವತ್ತೇ ಫೋನಿಂದ ಚೇಂಜ್ ಮಾಡಿ, ಆ ಲ್ಯಾಪ್‌ಟಾಪಿಂದ ಅಲ್ಲ. ಅಕೌಂಟಿಂದ ದುಡ್ಡು ಹೋದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಡಿಕೇರಿ_ಮಂಜುಮುಸುಕು:
ಜಿಪ್‌ಗೆ ಪಾಸ್‌ವರ್ಡ್ ಯಾಕೆ ಹಾಕ್ತಾರೆ ಗೊತ್ತಾ, ನಮಗೋಸ್ಕರ ಅಲ್ಲ ಮಾರಾಯ್ರೆ, ಬೀಗ ಹಾಕಿದ ಜಿಪ್ ಒಳಗೆ ಆಂಟಿವೈರಸ್‌ಗೆ ಇಣುಕೋಕೆ ಆಗಲ್ಲ ಅದಕ್ಕೆ. ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿಟ್ಟು ಬೀಗ ಹಾಕೋ ಕರ್ಮ ಇನ್ಯಾರಿಗೆ ಇರುತ್ತೆ. ಹಾಗಂತ ಟೊರೆಂಟ್ ಅಂದ್ರೇನೇ ವೈರಸ್ ಅಂತಲ್ಲ, ನಾನು ಉಬುಂಟು (ವಿಂಡೋಸ್ ಥರದ್ದೇ ಫ್ರೀ ಸಿಸ್ಟಮ್) ಇಳ್ಸೋದು ಅದರಲ್ಲೇ. ನನಗೆ ಪೆಟ್ಟು ಬಿದ್ದಿದ್ದು ವಾಟ್ಸಾಪಲ್ಲಿ, ಮದ್ವೆ ಕಾಗದ ಅಂತ ಒಂದು ಬಂತು, ನಂಟರ ನಂಬರಿಂದಾನೇ ಬಂದಿದ್ದು, ಹೆಸರಿನ ಕೊನೇಲಿ ಎಪಿಕೆ ಅಂತಿತ್ತು, ಅಂದ್ರೆ ಕಾಗದ ಅಲ್ಲ ಆಪ್, ಅದನ್ನ ನೋಡದೇನೇ ಒತ್ತಿಬಿಟ್ಟೆ, ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೇಳ್ತು ಅದನ್ನೂ ಕೊಟ್ಟೆ!! ಮದ್ವೆ ಕಾಗದಕ್ಕೆ ನನ್ನ ಒಟಿಪಿ ಯಾಕೆ ಬೇಕು ಅಂತ ಹೊಳೆದಿದ್ದು ಸಿಮ್ ಕಿತ್ತ ಮೇಲೆ.

ತೋಟದ_ರೈಟರ್:
ಐಡಿ ನೋಡ್ದೆ, ಟಿ1 ಇಲ್ಲ. ಕಟ್ಲಿಲ್ಲ. ಸಾವ್ಕಾರ್ರಿಗೆ ಹೇಳ್ದೆ, ಬೈದ್ರು, ಆಮೇಲೆ ಆಡಿಟರ್‌ಗೆ ಕಳ್ಸಿದ್ದ ಮೇಲ್ ನೋಡು ಅಂದ್ರು, ಅದರಲ್ಲಿ ಫೆಬ್ರವರಿವರೆಗಿನ ಲೆಕ್ಕ ಪೂರ್ತಿ ಸಿಕ್ತು. ಆಮೇಲಿಂದಕ್ಕೆ ಮೇಸ್ತ್ರಿ ಜೇಬಿನ ನೋಟ್‌ಬುಕ್ಕೇ ಗತಿ, ಮಳೇಲಿ ನೆಂದು ಅರ್ಧ ಇಂಕು ಹರಡಿದೆ. ಅಳಿಯನ್ನ ಕೂರ್ಸಿದೀನಿ, ಮೇಸ್ತ್ರಿ ಓದಿ ಹೇಳ್ತಾನೆ, ಇವ್ನು ಟೈಪ್ ಮಾಡ್ತಾನೆ, ಶನಿವಾರಕ್ಕೆ ಆಗ್ಬಹುದು.