8 ಇಂಚಿನ ಡಾಬ್ಸೋನಿಯನ್‌ನಲ್ಲಿ ಗ್ರಹಗಳ ಫೋಟೊ: ಮೊದಲು ಯಾವುದನ್ನು ಬದಲಿಸಬೇಕು?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನಲ್ಲಿ ಮನೆಯ ತಾರಸಿ ಮೇಲೆ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ಇದೆ. ಕನ್ನಡಿ 203 ಮಿ.ಮೀ., ನಾಭಿದೂರ 1200 ಮಿ.ಮೀ., ಮೋಟಾರ್ ಇಲ್ಲ. ಜೊತೆಗೆ ಬಂದ 25 ಮತ್ತು 10 ಮಿ.ಮೀ. ಐಪೀಸ್‌ಗಳಷ್ಟೇ (ಕಣ್ಣಿಟ್ಟು ನೋಡುವ ಮಸೂರ) ಇವೆ. 10ರಲ್ಲಿ ಗುರುವಿನ ಎರಡು ಪಟ್ಟಿ ಕಾಣುತ್ತವೆ, ಕೆಂಪು ಮಚ್ಚೆ ಕಾಣುವುದಿಲ್ಲ. ಹರಿಯುವ ನೀರಿನ ತಳದಲ್ಲಿರುವ ನಾಣ್ಯದ ಹಾಗೆ ಬಿಂಬ ಅಲುಗುತ್ತಲೇ ಇರುತ್ತದೆ. ಐಪೀಸ್‌ಗೆ ಮೊಬೈಲ್ ಹಿಡಿದರೆ ಬರೀ ಬಿಳಿ ಉಂಡೆ. ಕ್ಯಾಮೆರಾ, ಬಾರ್ಲೋ (ಬಿಂಬ ಹಿಗ್ಗಿಸುವ ಮಸೂರ), ಗ್ರಹವನ್ನು ಹಿಂಬಾಲಿಸುವ ಮೋಟಾರ್ ಮೌಂಟ್, ಇವುಗಳಲ್ಲಿ ಮೊದಲು ಯಾವುದು? ಅಥವಾ ಇದನ್ನು ಮಾರಿ 10 ಇಂಚಿನದು ತಗೊಳ್ಳಲೇ?

ಉತ್ತರ 1

ದಯವಿಟ್ಟು ಮಾರಬೇಡಿ. ಈ ಕನ್ನಡಿ ಸುಮಾರು 0.57 ಆರ್ಕ್‌ಸೆಕೆಂಡ್‌ವರೆಗಿನ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ವಿವರ ಬಿಡಿಸಿ ತೋರಿಸಬಲ್ಲದು, ಕೆಂಪು ಮಚ್ಚೆಗೆ ಧಾರಾಳ ಸಾಕು. ನೀವು ಹೇಳಿದ ಅಲುಗಾಟಕ್ಕೆ ಶಾಖವೇ ಕಾರಣ ಇರಬೇಕು. ಮನೆಯೊಳಗಿಂದ ತಂದ ಕನ್ನಡಿ ಹೊರಗಿನ ಗಾಳಿಗಿಂತ ಬೆಚ್ಚಗಿದ್ದರೆ ಅದರ ಮೇಲೆಯೇ ಬಿಸಿಗಾಳಿಯ ಪದರ ನಿಲ್ಲುತ್ತದೆ. ನಕ್ಷತ್ರವೊಂದನ್ನು ಫೋಕಸ್ ತಪ್ಪಿಸಿ ನೋಡಿ: ಬಿಲ್ಲೆಯೊಳಗೆ ಹೊಗೆಯಂತೆ ನಿಧಾನವಾಗಿ ಸುಳಿ ಏಳುತ್ತಿದ್ದರೆ ಕನ್ನಡಿ ಇನ್ನೂ ಆರಿಲ್ಲ, ಇಡೀ ಬಿಲ್ಲೆ ಒಂದೇ ದಿಕ್ಕಿಗೆ ವೇಗವಾಗಿ ಹರಿದಂತೆ ಕಂಡರೆ ಅದು ಮೇಲಿನ ವಾತಾವರಣದ್ದು, ಅದಕ್ಕೆ ಮದ್ದಿಲ್ಲ.

ನೋಡುವ ಒಂದು ಗಂಟೆ ಮೊದಲೇ ಹೊರಗಿಡಿ. 80 ಮಿ.ಮೀ.ನ 12 ವೋಲ್ಟ್ ಕಂಪ್ಯೂಟರ್ ಫ್ಯಾನನ್ನು ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡ್‌ಗಳಲ್ಲಿ ತೂಗುಹಾಕಿ. ಸ್ಕ್ರೂ ಹಾಕಿ ಬಿಗಿದರೆ ಅದರ ನಡುಕ ಬಿಂಬದಲ್ಲೇ ಕಾಣುತ್ತದೆ. ಕಾಂಕ್ರೀಟ್ ತಾರಸಿ ಹಗಲಿಡೀ ಕುಡಿದ ಬಿಸಿಲನ್ನು ನಡುರಾತ್ರಿವರೆಗೂ ಬಿಡುತ್ತಿರುತ್ತದೆ, ಹಾಗಾಗಿ ಬೆಳಗಿನ ಜಾವವೇ ಒಳ್ಳೆಯದು. ಪಕ್ಕದ ಮನೆಯ ಎ.ಸಿ. ಹೊರಘಟಕದ ಮೇಲಿಂದ ನೋಡಬೇಡಿ.

ಆಮೇಲೆ ಕಾಲಿಮೇಶನ್, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು. ಎತ್ತರದಲ್ಲಿರುವ ನಕ್ಷತ್ರವನ್ನು ಫೋಕಸ್‌ನಿಂದ ತುಸುವೇ ಸರಿಸಿದಾಗ ಉಂಗುರಗಳು ಏಕಕೇಂದ್ರವಾಗಿರಬೇಕು. ಇಲ್ಲದಿದ್ದರೆ ಪ್ರಾಥಮಿಕ ಕನ್ನಡಿಯ ಒಂದು ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ನಡುವಿಗೆ ತರದೆ ನಿರ್ಣಯಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಧ್ರುವ ನಕ್ಷತ್ರ ಕದಲುವುದಿಲ್ಲವೆಂದು ಅದನ್ನು ಹಿಡಿಯಲು ಹೋಗಬೇಡಿ. ಬೆಂಗಳೂರಿನಲ್ಲಿ ಅದು ಬರೀ 13 ಡಿಗ್ರಿ ಎತ್ತರದಲ್ಲಿದೆ, ದಟ್ಟ ಗಾಳಿಯಲ್ಲಿ ಉಂಗುರಗಳೇ ಕದಡಿಹೋಗುತ್ತವೆ.

ಕಣ್ಣಿನ ವೀಕ್ಷಣೆಗೆ 6 ಮಿ.ಮೀ. ಐಪೀಸ್ ಒಂದು ಸಾಕು, 200 ಪಟ್ಟು ಸಿಗುತ್ತದೆ.

ಉತ್ತರ 2

ಕ್ಯಾಮೆರಾ ಬಗ್ಗೆ. ಮೊಬೈಲ್ ಕಪ್ಪು ಆಕಾಶಕ್ಕೆ ಎಕ್ಸ್‌ಪೋಶರ್ ಹೊಂದಿಸಿಕೊಳ್ಳುತ್ತದೆ, ಅದಕ್ಕೇ ಬಿಳಿ ಉಂಡೆ. ಗ್ರಹದ ಮೇಲೆ ಬೆರಳೊತ್ತಿ ಹಿಡಿದು ಬೆಳಕು ಇಳಿಸಿದರೆ ಪಟ್ಟಿಗಳು ಬಂದೇ ಬರುತ್ತವೆ.

ಕೊಳ್ಳುವುದಾದರೆ ಐಎಂಎಕ್ಸ್ 462 ಸೆನ್ಸರ್ ಇರುವ ಬಣ್ಣದ ಕ್ಯಾಮೆರಾ ನೋಡಿ, ಪಿಕ್ಸೆಲ್ 2.9 ಮೈಕ್ರಾನ್. ಎಫ್ ಸಂಖ್ಯೆ (ನಾಭಿದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದ್ದು) ಮೈಕ್ರಾನ್‌ನಲ್ಲಿ ಹೇಳಿದ ಪಿಕ್ಸೆಲ್ ಅಳತೆಯ ಐದು ಪಟ್ಟು ಇರಬೇಕು ಎಂಬ ಲೆಕ್ಕದಲ್ಲಿ ನಿಮಗೆ ಬೇಕಾದದ್ದು ಎಫ್/14.5. ನಿಮ್ಮದು ಎಫ್/6, ಆದ್ದರಿಂದ 2.5 ಪಟ್ಟಿನ ಬಾರ್ಲೋ ಸರಿಹೊಂದುತ್ತದೆ. 5 ಪಟ್ಟಿನದನ್ನು ಹಾಕಿದರೆ ಬಿಂಬ ದೊಡ್ಡದಾಗುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ, ಬೆಳಕು ಮಾತ್ರ ಕಾಲು ಭಾಗಕ್ಕಿಳಿಯುತ್ತದೆ.

ಈ ಸೆನ್ಸರ್ ಅವಕೆಂಪು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಅತಿನೇರಳೆ, ಅವಕೆಂಪು ಬೆಳಕನ್ನು ತಡೆಯುವ ಯುವಿ-ಐಆರ್ ಕಟ್ ಫಿಲ್ಟರ್ ಹಾಕದಿದ್ದರೆ ಗುರುವಿನ ಬಣ್ಣ ಕೆಟ್ಟು ಅಂಚೂ ಮಸುಕಾಗುತ್ತದೆ. ಅದನ್ನು ಕ್ಯಾಮೆರಾ ಜೊತೆಗೇ ತರಿಸಿ.

ಫೈರ್‌ಕ್ಯಾಪ್ಚರ್ ತಂತ್ರಾಂಶದಲ್ಲಿ ಎಸ್‌ಇಆರ್ (ಕಚ್ಚಾ ವಿಡಿಯೊ) ಕಡತವಾಗಿ ರೆಕಾರ್ಡ್ ಮಾಡಿ. ಗುರುವಿಗೆ ಎಕ್ಸ್‌ಪೋಶರ್ 8ರಿಂದ 10 ಮಿಲಿಸೆಕೆಂಡ್. ಹಿಸ್ಟೋಗ್ರಾಮ್ (ಬೆಳಕಿನ ಮಟ್ಟ ತೋರಿಸುವ ನಕ್ಷೆ) 60-70 ಶೇಕಡಾ ದಾಟದಂತೆ ಗೇನ್ (ಸೆನ್ಸರ್‌ನ ಸಂಕೇತ ವರ್ಧನೆ) ಇಡಿ. ಶನಿ ಮಂಕು, 20-30 ಮಿಲಿಸೆಕೆಂಡ್ ಬೇಕಾಗುತ್ತದೆ. ಫ್ರೇಮ್‌ಗಳನ್ನು ಒಂದರ ಮೇಲೊಂದು ಪೇರಿಸುವ ಆಟೋಸ್ಟಾಕರ್ಟ್ ತಂತ್ರಾಂಶದಲ್ಲಿ ಒಳ್ಳೆಯ 20-25 ಶೇಕಡಾ ಫ್ರೇಮ್‌ಗಳನ್ನಷ್ಟೇ ಸೇರಿಸಿ, ರೆಜಿಸ್ಟ್ಯಾಕ್ಸ್ ತಂತ್ರಾಂಶದ ವೇವ್ಲೆಟ್ ಎಂಬ ಸಲಕರಣೆಯಲ್ಲಿ ಚೂಪು ಮಾಡಿ. ಗ್ರಹದ ಅಂಚಿನ ಒಳಗೆ ಈರುಳ್ಳಿ ಪದರದಂಥ ಗೆರೆ ಮೂಡಿದ ಕೂಡಲೇ ಹಿಂದೆ ಬನ್ನಿ, ಅದು ಗುರುವಿನದ್ದಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಮೋಟಾರ್ ಇಲ್ಲದೆ ಇದು ಆಗುತ್ತದೆಯೇ? ವಾತಾವರಣದ ವರ್ಣಚದುರುವಿಕೆ ಸರಿಪಡಿಸುವ ಎಡಿಸಿ ಬೇಕೇ?

ಉತ್ತರ 3

ಆಗುತ್ತದೆ, ತಾಳ್ಮೆ ಬೇಕು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. 2.5 ಪಟ್ಟಿನ ಬಾರ್ಲೋ ಹಾಕಿದಾಗ ಸಿಗುವ 3000 ಮಿ.ಮೀ. ನಾಭಿದೂರದಲ್ಲಿ ಈ ಸೆನ್ಸರ್‌ನ ಅಗಲ ಸುಮಾರು 385 ಆರ್ಕ್‌ಸೆಕೆಂಡ್. ಅಂದರೆ ಒಂದು ಸಲ ಗುರು ಒಂದು ಬದಿಯಿಂದ ಇನ್ನೊಂದಕ್ಕೆ ಹೋಗಲು 22-25 ಸೆಕೆಂಡ್. ಕ್ಯಾಮೆರಾವನ್ನು ತಿರುಗಿಸಿ ಸೆನ್ಸರ್‌ನ ಉದ್ದ ಬದಿಯನ್ನು ಗ್ರಹ ಸರಿಯುವ ದಿಕ್ಕಿಗೇ ಇಡಿ, ಪೂರ್ತಿ ಅಗಲದಲ್ಲಿ ರೆಕಾರ್ಡ್ ಮಾಡಿ, ಕೈ ತೆಗೆದು ನಡುಕ ನಿಲ್ಲುವವರೆಗೆ ಕಾಯಿರಿ. ಐದಾರು ತುಣುಕುಗಳನ್ನು ಪಿಐಪಿಪಿ ತಂತ್ರಾಂಶದಲ್ಲಿ ನಡುವಿಗೆ ತಂದು ಒಟ್ಟುಗೂಡಿಸಬಹುದು. ಎಲ್ಲವೂ ಮೂರು ನಿಮಿಷದೊಳಗಿನವಾಗಿರಲಿ: ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಹಾಕುವುದರಿಂದ ಬಿಂಬದ ನಡುಭಾಗ ನಿಮಿಷಕ್ಕೆ ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚೇ ಜರುಗುತ್ತದೆ. ಅದಕ್ಕಿಂತ ಉದ್ದವಾದರೆ ವಿನ್‌ಜುಪೋಸ್ ತಂತ್ರಾಂಶದಲ್ಲಿ ಆ ತಿರುಗುವಿಕೆ ಬಿಡಿಸಬೇಕು.

ಎಡಿಸಿ ಸದ್ಯಕ್ಕೆ ಬೇಡ. 2026ರ ಜನವರಿ 10ರಂದು ಸೂರ್ಯನಿಗೆ ಎದುರಾಗಿದ್ದಾಗ ಗುರು ಬೆಂಗಳೂರಿನ ನೆತ್ತಿಯಿಂದ 10 ಡಿಗ್ರಿಯೊಳಗೇ ಹಾದುಹೋಗುತ್ತಿತ್ತು. ಅಷ್ಟು ಎತ್ತರದಲ್ಲಿ ಬಣ್ಣ ಚದುರುವುದು ತೀರ ಕಡಿಮೆ. ಆದರೆ ನೆತ್ತಿಯ ಬಳಿ ಡಾಬ್ಸೋನಿಯನ್ ತಳವನ್ನು ತಿರುಗಿಸುವುದು ಬಲು ಕಷ್ಟ, ಗ್ರಹ 60-70 ಡಿಗ್ರಿಯಲ್ಲಿರುವಾಗಲೇ ಕೆಲಸ ಮುಗಿಸಿ.

ಮುಂದೆ ಟ್ರ್ಯಾಕಿಂಗ್‌ಗೆ ಈಕ್ವಟೋರಿಯಲ್ ಪ್ಲಾಟ್‌ಫಾರ್ಮ್ (ಆಕಾಶ ಸರಿಯುವ ವೇಗಕ್ಕೆ ಇಡೀ ಡಾಬ್ಸೋನಿಯನ್ನನ್ನು ತಿರುಗಿಸುವ ಪೀಠ) ತಗೊಂಡರೆ ಅದನ್ನು 13 ಡಿಗ್ರಿ ಅಕ್ಷಾಂಶಕ್ಕೇ ಮಾಡಿಸಿ. ದೆಹಲಿಯ 28 ಡಿಗ್ರಿಗೆ ಮಾಡಿದ್ದು ಇಲ್ಲಿ ಗ್ರಹವನ್ನು ನಡುವಿನಲ್ಲಿ ನಿಲ್ಲಿಸುವುದಿಲ್ಲ.