ಶೇರ್ಡ್ ಹೋಸ್ಟಿಂಗ್‌ನಿಂದ ಕ್ಲೌಡ್‌ಗೆ: ಹಳೆಯ ಕನ್ನಡ ತಾಣವೊಂದನ್ನು ಅಕ್ಷರ ಕೆಡದಂತೆ ಸಾಗಿಸುವುದು ಹೇಗೆ?

ಅಕ್ಷರಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲವು ಗೆಳೆಯರು ಸೇರಿ ಕಥೆ, ಕವಿತೆ, ವಿಮರ್ಶೆಗಳ ಕನ್ನಡ ತಾಣವೊಂದನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ತಾಣವು ವರ್ಡ್‌ಪ್ರೆಸ್‌ನಲ್ಲಿದೆ, ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕವಿರುವ ಶೇರ್ಡ್ ಹೋಸ್ಟಿಂಗ್ (ಹಲವರು ಒಂದೇ ಸರ್ವರನ್ನು ಹಂಚಿಕೊಳ್ಳುವ) ಖಾತೆಯಲ್ಲಿ ಓಡುತ್ತಿದೆ. ಈಚೆಗೆ ಓದುಗರು ಹೆಚ್ಚಾದ ಹೊತ್ತಿನಲ್ಲಿ ಪುಟಗಳು ತೆರೆಯದೆ, ಸಂಪನ್ಮೂಲದ ಮಿತಿ ಮುಗಿದಿದೆ ಎಂದು ಹೇಳುವ 508 ಸಂಖ್ಯೆಯ ದೋಷ ಕಾಣಿಸುತ್ತಿದೆ. ಹೋಸ್ಟಿಂಗ್ ಸಂಸ್ಥೆಗೆ ಬರೆದರೆ ಇನ್ನೂ ದೊಡ್ಡ ಯೋಜನೆಗೆ ಬದಲಾಯಿಸಿಕೊಳ್ಳಿ ಎಂಬ ಒಂದೇ ಉತ್ತರ ಬರುತ್ತದೆ. ಆದ್ದರಿಂದ ಕ್ಲೌಡ್ ಸೇವೆಯೊಂದರಲ್ಲಿ ನಮ್ಮದೇ ವರ್ಚುವಲ್ ಸರ್ವರ್ ತೆಗೆದುಕೊಂಡು ತಾಣವನ್ನು ಅಲ್ಲಿಗೆ ಒಯ್ಯಬೇಕೆಂದು ಯೋಚಿಸಿದ್ದೇವೆ.

ನಮ್ಮ ಚಿಂತೆ ಮೂರು. ಸಾಗಿಸುವ ಹೊತ್ತಿನಲ್ಲಿ ತಾಣ ಮುಚ್ಚಿರಬಾರದು ಮತ್ತು ಓದುಗರು ಬರೆದ ಪ್ರತಿಕ್ರಿಯೆಗಳು ಕಳೆದುಹೋಗಬಾರದು. ಲೇಖಕರೊಡನೆ ಪತ್ರವ್ಯವಹಾರಕ್ಕೆ ಬಳಸುವ ಇಮೇಲ್ ವಿಳಾಸಗಳೂ ಇದೇ ಖಾತೆಯಲ್ಲಿವೆ, ಅವು ನಿಲ್ಲಬಾರದು. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಮೂರನೆಯದು: ಪರೀಕ್ಷೆಗೆಂದು ಡೇಟಾಬೇಸ್‌ನ ಡಂಪ್ (ಪೂರ್ತಿ ನಕಲಿನ ಕಡತ) ತೆಗೆದು ನನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ, ಕನ್ನಡ ಬರಹವೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಂಡಿತು. ಹಳೆಯ ಸರ್ವರಿನಲ್ಲಿ ಅದೇ ಬರಹ ಈಗಲೂ ಸರಿಯಾಗಿಯೇ ಕಾಣುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಕಡತಪಾಲ

ಮೂರನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಹಳೆಯ ಕನ್ನಡ ತಾಣಗಳ ಬರಹ ನಾಶವಾಗುವುದು ಹೆಚ್ಚಾಗಿ ಇಲ್ಲಿಯೇ.

ನಿಮಗೆ ಕಂಡ ಚಿಹ್ನೆಗಳನ್ನು ಇನ್ನೊಮ್ಮೆ ಗಮನಿಸಿ ನೋಡಿ. ಪ್ರತಿ ಮೂರು ಚಿಹ್ನೆಗಳಲ್ಲಿ ಮೊದಲನೆಯದು ತಲೆಯ ಮೇಲೆ ಓರೆಗೆರೆಯಿರುವ ರೋಮನ್ 'ಎ', ಎರಡನೆಯದು ಮೇಲಕ್ಕೆ ಏರಿಸಿ ಬರೆದ ಪುಟ್ಟ 2 ಅಥವಾ 3, ಮೂರನೆಯದು ಮಾತ್ರ ಬದಲಾಗುತ್ತಾ ಹೋಗುವ ಏನೋ ಒಂದು ಗುರುತು ಆಗಿದ್ದರೆ, ನಿಮ್ಮ ಬರಹ ಇನ್ನೂ ಜೀವಂತವಾಗಿದೆ. ಎಲ್ಲ ಲಿಪಿಗಳನ್ನೂ ಹಿಡಿಯಬಲ್ಲ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದರೆ ಮೊದಲ ಬೈಟ್ ಎಲ್ಲಕ್ಕೂ ಇ0, ಎರಡನೆಯದು ಬಿ2 ಅಥವಾ ಬಿ3. 'ಕ' ಎಂಬುದು ಇ0 ಬಿ2 95. ಈ ಮೂರು ಬೈಟ್‌ಗಳನ್ನು ಬಿಡಿ ಬಿಡಿಯಾಗಿ, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಇರುವ ಹಳೆಯ ಲ್ಯಾಟಿನ್1 ಸಂಕೇತವೆಂದು ಓದಿದರೆ ಓರೆಗೆರೆಯ 'ಎ', ಪುಟ್ಟ 2, ಒಂದು ದಪ್ಪ ಚುಕ್ಕೆ ಕಾಣುತ್ತವೆ.

ಕಾರಣ ಹೀಗಿದೆ. ವರ್ಡ್‌ಪ್ರೆಸ್ ಬಳಸುವ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯುಎಲ್‌ನ 5.7ನೆಯ ಆವೃತ್ತಿಯವರೆಗೂ ಡೇಟಾಬೇಸ್‌ನ ಪೂರ್ವನಿಯೋಜಿತ ಅಕ್ಷರಸಂಕೇತ ಲ್ಯಾಟಿನ್1 ಆಗಿತ್ತು, 8.0ರಲ್ಲಿ ಮಾತ್ರ ಅದು ಯುಟಿಎಫ್8ಎಂಬಿ4 (ಯುಟಿಎಫ್-8ರ ಪೂರ್ಣ ರೂಪ) ಆಯಿತು. ನಿಮ್ಮ ಕೋಷ್ಟಕಗಳು ಲ್ಯಾಟಿನ್1 ಎಂಬ ಹಣೆಪಟ್ಟಿ ಹೊತ್ತು, ಒಳಗೆ ಯುಟಿಎಫ್-8 ಬೈಟ್‌ಗಳನ್ನು ಇಟ್ಟುಕೊಂಡಿರಬೇಕು. ವರ್ಡ್‌ಪ್ರೆಸ್ ಕೂಡ ಲ್ಯಾಟಿನ್1 ಸಂಪರ್ಕದಲ್ಲಿಯೇ ಅವನ್ನು ಬರೆದು ಓದುವುದರಿಂದ ಬೈಟ್‌ಗಳು ಹೋದಂತೆಯೇ ಹಿಂತಿರುಗುತ್ತವೆ, ಬ್ರೌಸರಿನಲ್ಲಿ ಎಲ್ಲವೂ ಸರಿ ಕಾಣುತ್ತದೆ. ಡಂಪ್ ತೆಗೆಯುವ ಸಾಧನವು ಹಣೆಪಟ್ಟಿಯನ್ನು ನಂಬಿ, ಲ್ಯಾಟಿನ್1ನಿಂದ ಯುಟಿಎಫ್-8ಕ್ಕೆ ಇನ್ನೊಮ್ಮೆ ಪರಿವರ್ತಿಸುತ್ತದೆ. ಮೂರು ಬೈಟ್‌ನ 'ಕ' ಆಗ ಏಳು ಬೈಟ್ ಆಗುತ್ತದೆ.

ಖಚಿತಪಡಿಸಿಕೊಳ್ಳಲು ಹಳೆಯ ಸರ್ವರಿನಲ್ಲಿ ಕನ್ನಡದ ಒಂದು ಶೀರ್ಷಿಕೆಯನ್ನು ಹೆಕ್ಸ್ ಫಂಕ್ಷನ್ ಮೂಲಕ ನೋಡಿ. ಇ0ಬಿ2 ಅಥವಾ ಇ0ಬಿ3 ಎಂದು ಆರಂಭವಾದರೆ ಒಳಗಿರುವುದು ಶುದ್ಧ ಯುಟಿಎಫ್-8. ಸಿ3ಎ0 ಎಂದು ಆರಂಭವಾದರೆ ಅಲ್ಲಿಯೇ ಎರಡು ಸಲ ಪರಿವರ್ತನೆಯಾಗಿಬಿಟ್ಟಿದೆ ಎಂದರ್ಥ, ಅದಕ್ಕೆ ಚಿಕಿತ್ಸೆಯೇ ಬೇರೆ. ಮೊದಲನೆಯದೇ ಆಗಿದ್ದರೆ, ಡಂಪ್ ತೆಗೆಯುವಾಗ ಪೂರ್ವನಿಯೋಜಿತ ಅಕ್ಷರಸಂಕೇತ ಲ್ಯಾಟಿನ್1 ಎಂದು ಸ್ಪಷ್ಟವಾಗಿ ಹೇಳಿ, ಅಕ್ಷರಸಂಕೇತದ ಆದೇಶವನ್ನು ಕಡತದಲ್ಲಿ ಬರೆಯದಂತೆ ತಡೆಯುವ ಆಯ್ಕೆಯನ್ನೂ ಕೊಡಿ. ಆಗ ಬೈಟ್‌ಗಳು ಇದ್ದ ಹಾಗೆಯೇ ಹೊರಬರುತ್ತವೆ. ಬಳಿಕ ಆ ಕಡತದಲ್ಲಿ ಕೋಷ್ಟಕಗಳನ್ನು ಸೃಷ್ಟಿಸುವ ಸಾಲುಗಳಲ್ಲಿ ಮಾತ್ರ ಲ್ಯಾಟಿನ್1 ಎಂಬುದನ್ನು ಯುಟಿಎಫ್8ಎಂಬಿ4 ಎಂದು ಬದಲಾಯಿಸಿ, ಹೊಸ ಸರ್ವರಿಗೆ ಯುಟಿಎಫ್8ಎಂಬಿ4 ಸಂಪರ್ಕದಲ್ಲಿ ಏರಿಸಿ, ವರ್ಡ್‌ಪ್ರೆಸ್‌ನ ಸಂರಚನಾ ಕಡತದಲ್ಲಿಯೂ ಅದನ್ನೇ ನಮೂದಿಸಿ. ಬರಿಯ 'ಯುಟಿಎಫ್8' ಎಂಬ ಹಳೆಯ ಸಂಕೇತ ಮೂರು ಬೈಟ್‌ನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಕಾದರೂ ಪ್ರತಿಕ್ರಿಯೆಗಳಲ್ಲಿ ಬರುವ ಇಮೋಜಿಗಳಿಗೆ ನಾಲ್ಕು ಬೇಕು.

ಕೈಮುಗಿದು ಹೇಳುವ ಒಂದು ಮಾತಿದೆ: ಕೆಟ್ಟ ಡಂಪನ್ನು ಪಠ್ಯ ಸಂಪಾದಕದಲ್ಲಿ ತೆರೆದು, ಅಲ್ಲಿಯೇ ಸಂಕೇತ ಬದಲಿಸಿ ಸರಿಪಡಿಸಲು ಹೋಗಬೇಡಿ. ಸಂಪಾದಕಗಳು ಲ್ಯಾಟಿನ್1 ಎಂದು ಬಳಸುವುದು ಸಾಮಾನ್ಯವಾಗಿ ವಿಂಡೋಸ್-1252 ಕೋಷ್ಟಕವನ್ನು. ಅದರಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕನ್ನಡದ ಉಕಾರದ ಚಿಹ್ನೆ 81ರಲ್ಲಿ ಕೊನೆಗೊಳ್ಳುತ್ತದೆ, ಒತ್ತಕ್ಷರಗಳನ್ನು ಕಟ್ಟುವ ಹಲಂತ 8ಡಿಯಲ್ಲಿ, ಏ, ಐ, ಝ ಉಳಿದ ಮೂರರಲ್ಲಿ. ಅಂದರೆ ಅಂಥ ರಿಪೇರಿಯ ಬಳಿಕ ಬರಹ ಮೇಲುನೋಟಕ್ಕೆ ಮರಳಿ ಬಂದಂತೆ ಕಂಡರೂ ಒತ್ತಕ್ಷರಗಳೂ ಉಕಾರಗಳೂ ಅಳಿದುಹೋಗಿರುತ್ತವೆ, ಅವನ್ನು ಮರಳಿ ತರುವ ದಾರಿಯಿಲ್ಲ. ಆದ್ದರಿಂದ ಸರ್ವರ್ ಬದಲಿಸಿದ ಮೇಲೆ ಒತ್ತಕ್ಷರ ತುಂಬಿರುವ ಕೆಲವು ಹಳೆಯ ಕವಿತೆಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ.

ಚಿತ್ರಗಳ ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಜಿಪ್ ಮಾಡಿ ಒಯ್ಯುವುದು ಬೇಡ, ಕೆಲವು ಸಾಧನಗಳು ಬಿಚ್ಚುವಾಗ ಹೆಸರುಗಳನ್ನು ಕೆಡಿಸುತ್ತವೆ. ದೂರದಿಂದಲೇ ಸರ್ವರಿಗೆ ಆದೇಶ ಕೊಡುವ ಎಸ್‌ಎಸ್‌ಎಚ್ ಸೌಲಭ್ಯವಿದ್ದರೆ, ಕಡತಗಳನ್ನು ನಕಲಿಸುವ ಆರ್‌ಸಿಂಕ್ ಸಾಧನ ಬಳಸಿ.

ಜಾಲಯಾತ್ರಿ

ಕಡತಪಾಲರು ಬರೆದುದಕ್ಕೆ ಸೇರಿಸಬೇಕಾದದ್ದಿಲ್ಲ. ಉಳಿದ ಎರಡು ಪ್ರಶ್ನೆಗಳಿಗೆ ಬರುತ್ತೇನೆ.

ಶೇರ್ಡ್ ಹೋಸ್ಟಿಂಗ್ ಖಾತೆಯೆಂದರೆ ಒಂದು ಸೇವೆಯಲ್ಲ. ತಾಣ, ಡೇಟಾಬೇಸ್, ಇಮೇಲ್, ಡಿಎನ್‌ಎಸ್ (ಡೊಮೇನ್ ಹೆಸರಿಗೆ ಸರ್ವರಿನ ವಿಳಾಸ ಹೇಳುವ ವ್ಯವಸ್ಥೆ), ಭದ್ರತಾ ಪ್ರಮಾಣಪತ್ರ, ನಿಗದಿತ ಹೊತ್ತಿಗೆ ಓಡುವ ಕ್ರಾನ್ ಕೆಲಸಗಳು, ಬ್ಯಾಕಪ್ ಎಲ್ಲವೂ ಅದರೊಳಗೆ ಸದ್ದಿಲ್ಲದೆ ನಡೆಯುತ್ತಿರುತ್ತವೆ. ಕ್ಲೌಡ್‌ನಲ್ಲಿ ಪಡೆಯುವ ವರ್ಚುವಲ್ ಸರ್ವರಿನಲ್ಲಿ ಇವುಗಳಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ಎಲ್ಲವನ್ನೂ ಒಂದೇ ರಾತ್ರಿ ಸಾಗಿಸಲು ಹೊರಟಾಗ ಯಾವುದು ಎಲ್ಲಿ ಕೆಟ್ಟಿತೆಂದು ಹುಡುಕುವುದೇ ಕಷ್ಟವಾಗುತ್ತದೆ. ಒಂದೊಂದನ್ನೇ ಬೇರ್ಪಡಿಸಿ ಸಾಗಿಸಿ.

ಮೊದಲು ಡಿಎನ್‌ಎಸ್. ಡಿಎನ್‌ಎಸ್ ದಾಖಲೆಗಳನ್ನು ಇಟ್ಟುಕೊಂಡು ಉತ್ತರಿಸುವ ನೇಮ್‌ಸರ್ವರ್‌ಗಳು ಹಳೆಯ ಹೋಸ್ಟಿಂಗ್ ಸಂಸ್ಥೆಯವೇ ಆಗಿದ್ದರೆ, ಕೆಲವು ವಾರ ಮುಂಚಿತವಾಗಿಯೇ ಎಲ್ಲ ದಾಖಲೆಗಳನ್ನೂ ಇದ್ದಂತೆಯೇ ಪ್ರತ್ಯೇಕ ಡಿಎನ್‌ಎಸ್ ಸೇವೆಯೊಂದಕ್ಕೆ ನಕಲು ಮಾಡಿ, ಬಳಿಕ ನೇಮ್‌ಸರ್ವರ್ ಬದಲಿಸಿ. ಡಾಟ್‌ಕಾಮ್ ಡೊಮೇನ್‌ಗಳಲ್ಲಿ ನೇಮ್‌ಸರ್ವರ್ ಮಾಹಿತಿಯನ್ನು ಜಗತ್ತಿನ ಡಿಎನ್‌ಎಸ್ ಸರ್ವರ್‌ಗಳು 1,72,800 ಸೆಕೆಂಡು, ಅಂದರೆ ಎರಡು ದಿನ ನೆನಪಿಟ್ಟುಕೊಳ್ಳಬಹುದು, ಈ ಅವಧಿಯನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿಲ್ಲ. ತಾಣದ ಐಪಿ ವಿಳಾಸ ಹೇಳುವ 'ಎ' ದಾಖಲೆಯ ಟಿಟಿಎಲ್ (ಅದನ್ನು ನೆನಪಿಟ್ಟುಕೊಳ್ಳಬಹುದಾದ ಅವಧಿ) ನಿಮ್ಮ ಕೈಯಲ್ಲಿದೆ. ತಾಣವನ್ನು ಸಾಗಿಸುವ ಹಿಂದಿನ ದಿನವೇ ಅದನ್ನು 300 ಸೆಕೆಂಡಿಗೆ ಇಳಿಸಿಟ್ಟರೆ, ಬದಲಾವಣೆಯಾದ ಕೆಲವೇ ನಿಮಿಷಗಳಲ್ಲಿ ಹೆಚ್ಚಿನ ಓದುಗರು ಹೊಸ ಸರ್ವರಿಗೆ ಬರುತ್ತಾರೆ.

ಇಮೇಲನ್ನು ಹೊಸ ಸರ್ವರಿಗೆ ತರುವ ಯೋಚನೆಯನ್ನೇ ಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದೊಡ್ಡ ಕ್ಲೌಡ್ ಸೇವೆಗಳು ಸ್ಪ್ಯಾಮ್ ತಡೆಯಲೆಂದು 25ನೆಯ ಪೋರ್ಟಿನಿಂದ ಹೊರಹೋಗುವ ಇಮೇಲನ್ನು ಪೂರ್ವನಿಯೋಜಿತವಾಗಿಯೇ ತಡೆಹಿಡಿದಿರುತ್ತವೆ. ಅದನ್ನು ತೆರೆಸಿದರೂ ಐಪಿ ವಿಳಾಸದ ಹೆಸರು ಚೆನ್ನಾಗಿಲ್ಲದಿದ್ದರೆ ನಿಮ್ಮ ಪತ್ರಗಳು ಲೇಖಕರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ. ಸದ್ಯಕ್ಕೆ ಇಮೇಲ್ ಹಳೆಯ ಖಾತೆಯಲ್ಲಿಯೇ ಇರಲಿ, ಮುಂದೆ ಇಮೇಲ್‌ಗೆಂದೇ ಇರುವ ಸೇವೆಯೊಂದಕ್ಕೆ ಹೋಗಲಿ.

ಇಲ್ಲೊಂದು ಸೂಕ್ಷ್ಮವಿದೆ. ಸಿಪ್ಯಾನೆಲ್ ಖಾತೆಗಳಲ್ಲಿ ಬರುವ ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯು ಸಾಮಾನ್ಯವಾಗಿ ಡೊಮೇನ್ ಹೆಸರನ್ನೇ ತೋರಿಸುತ್ತಿರುತ್ತದೆ. ಹಾಗಿದ್ದಾಗ ತಾಣಕ್ಕೆಂದು ನೀವು 'ಎ' ದಾಖಲೆಯನ್ನು ಬದಲಿಸಿದ ಕ್ಷಣವೇ ನಿಮಗೆ ಬರುವ ಪತ್ರಗಳೂ ಹೊಸ ಸರ್ವರಿನ ಬಾಗಿಲು ತಟ್ಟುತ್ತವೆ, ಅಲ್ಲಿ ಅವನ್ನು ತೆಗೆದುಕೊಳ್ಳುವವರಿಲ್ಲ. ಇದನ್ನು ತಪ್ಪಿಸಲು 'ಮೇಲ್' ಎಂಬ ಉಪಡೊಮೇನ್‌ಗೆ ಹಳೆಯ ಸರ್ವರಿನ ಐಪಿ ವಿಳಾಸವಿರುವ ಪ್ರತ್ಯೇಕ 'ಎ' ದಾಖಲೆ ಮಾಡಿ, ಎಂಎಕ್ಸ್ ಅದನ್ನು ತೋರಿಸುವಂತೆ ಮೊದಲೇ ಬದಲಿಸಿ, ಒಂದೆರಡು ದಿನ ಪತ್ರಗಳು ಬರುತ್ತಿವೆಯೇ ಎಂದು ನೋಡಿ. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಪತ್ರ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿಯೂ ಹಳೆಯ ವಿಳಾಸ ಹೆಸರಿಸಿ ಉಳಿದಿರಲಿ.

ಇನ್ನು ಪ್ರತಿಕ್ರಿಯೆಗಳ ವಿಷಯ. ಹೊಸ ಸರ್ವರಿನಲ್ಲಿ ತಾಣವನ್ನು ಪೂರ್ತಿ ಸಜ್ಜುಗೊಳಿಸಿ, ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಡೊಮೇನಿನ ಮುಂದೆ ಹೊಸ ಐಪಿ ಬರೆದುಕೊಂಡರೆ, ಜಗತ್ತಿಗೆಲ್ಲ ಹಳೆಯ ತಾಣ ಕಾಣುತ್ತಿರುವಾಗಲೇ ನೀವು ಹೊಸದನ್ನು ನಿಜವಾದ ಹೆಸರಿನಲ್ಲಿ ಪರೀಕ್ಷಿಸಬಹುದು. ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದ ಮೇಲೆ, ಓದುಗರು ಕಡಿಮೆಯಿರುವ ಹೊತ್ತು ನೋಡಿ ಹಳೆಯ ತಾಣದಲ್ಲಿ ಪ್ರತಿಕ್ರಿಯೆಗಳನ್ನೂ ಹೊಸ ಬರಹಗಳ ಪ್ರಕಟಣೆಯನ್ನೂ ನಿಲ್ಲಿಸಿ, ಕೊನೆಯ ಡಂಪ್ ತೆಗೆದು ಏರಿಸಿ, 'ಎ' ದಾಖಲೆ ಬದಲಿಸಿ. ಓದುವುದಕ್ಕೆ ಎರಡೂ ಕಡೆ ತೆರೆದಿರುವುದರಿಂದ ತಾಣ ಮುಚ್ಚಿತೆಂದು ಯಾರಿಗೂ ಅನಿಸುವುದಿಲ್ಲ.

ಭದ್ರತಾ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪಡೆಯುವುದಾದರೆ, ಡಿಎನ್‌ಎಸ್‌ನಲ್ಲಿ ಪಠ್ಯ ದಾಖಲೆ ಇಟ್ಟು ಒಡೆತನ ತೋರಿಸುವ ವಿಧಾನವನ್ನು ಬಳಸಿ. ಡೊಮೇನ್ ಇನ್ನೂ ಹಳೆಯ ಸರ್ವರನ್ನು ತೋರಿಸುತ್ತಿರುವಾಗಲೇ ಪ್ರಮಾಣಪತ್ರ ಕೈಗೆ ಸಿಗುತ್ತದೆ.

ಮಿತವ್ಯಯಿ

ಇಬ್ಬರೂ ಹೇಗೆ ಸಾಗಿಸಬೇಕೆಂದು ಚೆನ್ನಾಗಿ ವಿವರಿಸಿದ್ದಾರೆ. ಸಾಗಿಸಲೇಬೇಕೆ ಎಂಬುದನ್ನು ಮೊದಲು ವಿಚಾರ ಮಾಡಬೇಕೆಂದು ನನಗೆ ಅನಿಸುತ್ತದೆ.

508 ದೋಷ ಬರುವುದು ಓದುಗರಿಂದಲೇ ಎಂದು ತಿಳಿಯಬೇಡಿ. ಸಿಪ್ಯಾನೆಲ್‌ನಿಂದ ಕಚ್ಚಾ ಆಕ್ಸೆಸ್ ಲಾಗ್ (ತಾಣಕ್ಕೆ ಬಂದ ವಿನಂತಿಗಳ ದಾಖಲೆ) ಇಳಿಸಿಕೊಂಡು ದೋಷ ಬಂದ ಗಂಟೆಯ ಸಾಲುಗಳನ್ನು ನೋಡಿ. ವರ್ಡ್‌ಪ್ರೆಸ್‌ನ ಲಾಗಿನ್ ಪುಟಕ್ಕೂ, ಹೊರಗಿನ ಆಪ್‌ಗಳು ತಾಣದೊಡನೆ ವ್ಯವಹರಿಸಲು ಇರುವ ಎಕ್ಸ್‌ಎಂಎಲ್‌ಆರ್‌ಪಿಸಿ ಕಡತಕ್ಕೂ ಒಂದೇ ವಿಳಾಸದಿಂದ ಸೆಕೆಂಡಿಗೊಂದರಂತೆ ವಿನಂತಿಗಳು ಬರುತ್ತಿದ್ದರೆ, ಅದು ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಕೆಲಸ. ಅವನ್ನು ತಡೆದು, ಪುಟಗಳಿಗೆ ಕ್ಯಾಶ್ ಪ್ಲಗಿನ್ ಹಾಕಿದರೆ, ಒಮ್ಮೆ ಪ್ರಕಟವಾದ ಮೇಲೆ ಹೆಚ್ಚು ಬದಲಾಗದ ಸಾಹಿತ್ಯ ತಾಣವು ಇರುವ ಖಾತೆಯಲ್ಲಿಯೇ ಹಗುರವಾಗಿ ಓಡಬಹುದು. ಪುಟ ತೆರೆದಾಗಲೆಲ್ಲ ವರ್ಡ್‌ಪ್ರೆಸ್ ನಡೆಸುವ ಪಿಎಚ್‌ಪಿಯನ್ನೂ ಡೇಟಾಬೇಸನ್ನೂ ಎಬ್ಬಿಸುವುದಕ್ಕೂ ಸಿದ್ಧವಾಗಿರುವ ಕಡತವನ್ನು ಎತ್ತಿಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಅದಾದ ಮೇಲೂ ಕ್ಲೌಡ್ ಬೇಕೆನಿಸಿದರೆ, ನಿಮ್ಮ ಗೆಳೆಯರಲ್ಲಿ ಸರ್ವರನ್ನು ನೋಡಿಕೊಳ್ಳುವವರು ಯಾರೆಂದು ಹೆಸರು ಹಿಡಿದು ತೀರ್ಮಾನಿಸಿ. ಶೇರ್ಡ್ ಹೋಸ್ಟಿಂಗ್ ಎಂಬುದು ಬಾಡಿಗೆ ಮನೆಯಿದ್ದಂತೆ, ಸೂರು ಸೋರಿದರೆ ಮಾಲೀಕರನ್ನು ಕೇಳಬಹುದು. ವರ್ಚುವಲ್ ಸರ್ವರಿನಲ್ಲಿ ಆಪರೇಟಿಂಗ್ ಸಿಸ್ಟಂನ ಭದ್ರತಾ ಪರಿಷ್ಕರಣೆಗಳು, ಫೈರ್‌ವಾಲ್, ಪಿಎಚ್‌ಪಿ ಆವೃತ್ತಿ, ಡಿಸ್ಕ್ ತುಂಬುವುದು ಎಲ್ಲವೂ ನಿಮ್ಮ ಹೊಣೆ. 1 ಜಿಬಿ ಮೆಮೊರಿಯ ಪುಟ್ಟ ಸರ್ವರಿನಲ್ಲಿ ಪಿಎಚ್‌ಪಿ ಪ್ರಕ್ರಿಯೆಗಳ ಸಂಖ್ಯೆಗೆ ಮಿತಿ ಹಾಕದಿದ್ದರೆ, ಮೆಮೊರಿ ಮುಗಿದಾಗ ಲಿನಕ್ಸ್ ಕರ್ನೆಲ್ ಯಾವುದಾದರೊಂದು ಪ್ರಕ್ರಿಯೆಯನ್ನು ಕೊಲ್ಲುತ್ತದೆ, ಹೆಚ್ಚು ಮೆಮೊರಿ ಹಿಡಿದಿರುವ ಡೇಟಾಬೇಸೇ ಅನೇಕ ಸಲ ಬಲಿಯಾಗುತ್ತದೆ. ಆಗ 508ರ ಬದಲು, ಡೇಟಾಬೇಸ್ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಸಂದೇಶವನ್ನು ನಿಮ್ಮ ಓದುಗರು ನೋಡುತ್ತಾರೆ. ಅಂಥ ಒಬ್ಬರು ನಿಮ್ಮಲ್ಲಿ ಇಲ್ಲದಿದ್ದರೆ, ಸರ್ವರಿನ ನಿರ್ವಹಣೆಯನ್ನೂ ವಹಿಸಿಕೊಳ್ಳುವ ಮ್ಯಾನೇಜ್ಡ್ ಸೇವೆಯನ್ನು ಆರಿಸಿಕೊಳ್ಳಿ.

ಬ್ಯಾಕಪ್ ವಿಷಯದಲ್ಲಿ ಕ್ಲೌಡ್ ಎಂಬ ಹೆಸರನ್ನು ನಂಬಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ನಿಮ್ಮ ಡೇಟಾಬೇಸ್‌ನ ಪ್ರತಿ ಬೇರೆ ಸಂಸ್ಥೆಯ ಬೇರೆ ಖಾತೆಯಲ್ಲಿ ಪ್ರತಿದಿನ ಸೇರುತ್ತಿರಲಿ. ಬಳಸಿದಷ್ಟಕ್ಕೆ ಬಿಲ್ ಮಾಡುವ ಸೇವೆಯಾಗಿದ್ದರೆ ಮೊದಲ ದಿನವೇ ವೆಚ್ಚದ ಎಚ್ಚರಿಕೆಯನ್ನೂ ಹಾಕಿಟ್ಟುಕೊಳ್ಳಿ.

ಅಕ್ಷರಬಳ್ಳಿ

ಮೂವರಿಗೂ ಮನಃಪೂರ್ವಕ ವಂದನೆಗಳು. ಹೆಕ್ಸ್ ನೋಡಿದೆ, ಶೀರ್ಷಿಕೆಗಳೆಲ್ಲ ಇ0ಬಿ2 ಎಂದೇ ಆರಂಭವಾಗುತ್ತವೆ. ಕಡತಪಾಲರು ಹೇಳಿದ ರೀತಿಯಲ್ಲಿ ತೆಗೆದ ಡಂಪ್ ನನ್ನ ಕಂಪ್ಯೂಟರಿನಲ್ಲಿ ಒತ್ತಕ್ಷರ ಸಹಿತ ಸರಿಯಾಗಿ ತೆರೆದುಕೊಂಡಿತು. ಲಾಗ್‌ನಲ್ಲಿ ಲಾಗಿನ್ ಪುಟದ ಮೇಲಿನ ದಾಳಿಯೂ ಕಂಡಿತು, ಅದನ್ನು ತಡೆದಿದ್ದೇವೆ. ಆದರೂ ಹಳೆಯ ಸರ್ವರಿನ ಪಿಎಚ್‌ಪಿ ಇನ್ನೂ 7.4ರಲ್ಲಿಯೇ ಇದೆ, ಹೊಸ ಆವೃತ್ತಿಯನ್ನು ಕೊಡುತ್ತಿಲ್ಲ. ಆದ್ದರಿಂದ ಮ್ಯಾನೇಜ್ಡ್ ಕ್ಲೌಡ್ ಸೇವೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹಳೆಯ ಖಾತೆಯನ್ನು ಯಾವಾಗ ಮುಚ್ಚಬಹುದು?

ಜಾಲಯಾತ್ರಿ

ಒಳ್ಳೆಯ ನಿರ್ಧಾರ. ಪಿಎಚ್‌ಪಿ 7.4ಕ್ಕೆ ಭದ್ರತಾ ಪರಿಷ್ಕರಣೆಗಳು 2022ರ ನವೆಂಬರ್‌ನಲ್ಲಿಯೇ ನಿಂತಿವೆ, ಅದೊಂದೇ ಕಾರಣ ಸಾಕು. ಆದರೆ ಹೊಸ ಆವೃತ್ತಿಯಲ್ಲಿ ಹಳೆಯ ಥೀಮ್ ಮತ್ತು ಪ್ಲಗಿನ್‌ಗಳು ಮುರಿಯಬಹುದು, ಹೋಸ್ಟ್ಸ್ ಕಡತದ ಪರೀಕ್ಷೆಯಲ್ಲಿ ಇದನ್ನು ವಿಶೇಷವಾಗಿ ನೋಡಿ. ಹೊಸ ಸೇವೆಯಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ, ತಾಣದ ನಿಯಮಗಳಿರುವ ಎಚ್‌ಟಿಆಕ್ಸೆಸ್ ಕಡತವನ್ನು ಅದು ಓದುವುದಿಲ್ಲ, ಹಳೆಯ ಕೊಂಡಿಗಳ ಮರುನಿರ್ದೇಶನಗಳನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.

ಹಳೆಯ ಖಾತೆಯನ್ನು ದಿನ ಎಣಿಸಿ ಮುಚ್ಚಬೇಡಿ, ಅದರ ಲಾಗ್ ನೋಡಿ ಮುಚ್ಚಿ. ಬಾಟ್‌ಗಳನ್ನು ಬಿಟ್ಟರೆ ಯಾರೂ ಬರುತ್ತಿಲ್ಲ ಎಂದಾದಾಗ ತಾಣದ ಕೆಲಸ ಅಲ್ಲಿ ಮುಗಿದಂತೆ. ಇಮೇಲ್ ಮಾತ್ರ ಬೇರೆ ಸೇವೆಗೆ ಹೋಗುವವರೆಗೆ ಖಾತೆ ಉಳಿಯಲೇಬೇಕು, ಹಳೆಯ ಪತ್ರಗಳನ್ನು ಐಮ್ಯಾಪ್ (ಸರ್ವರಿನಲ್ಲಿರುವ ಪತ್ರಗಳನ್ನು ಓದುವ ವಿಧಾನ) ಮೂಲಕ ನಕಲು ಮಾಡಿಕೊಂಡ ಮೇಲೆಯೇ ಮುಚ್ಚುವ ಮಾತು. ಡೊಮೇನ್ ನೋಂದಣಿಯೂ ಅದೇ ಸಂಸ್ಥೆಯಲ್ಲಿದ್ದರೆ, ಖಾತೆ ರದ್ದುಮಾಡುವ ಮೊದಲು ಅದನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಿಕೊಳ್ಳಿ. ಡಾಟ್‌ಕಾಮ್‌ನಂಥ ಡೊಮೇನ್‌ಗಳನ್ನು ಒಮ್ಮೆ ವರ್ಗಾಯಿಸಿದರೆ ಸಾಮಾನ್ಯವಾಗಿ 60 ದಿನ ಮತ್ತೆ ವರ್ಗಾಯಿಸಲಾಗುವುದಿಲ್ಲ, ಆದ್ದರಿಂದ ರಿಜಿಸ್ಟ್ರಾರನ್ನು ಯೋಚಿಸಿ ಆರಿಸಿ, ನೋಂದಣಿಯಲ್ಲಿ ಇರುವ ಇಮೇಲ್ ವಿಳಾಸ ನೀವು ಮುಚ್ಚಲಿರುವ ಖಾತೆಯದೇ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.