ಸಿಗಾರ್ ಪೆಟ್ಟಿಗೆಯ ಸ್ಪಂಜಿಗೆ ಯಾವ ನೀರು ಹಾಕಬೇಕು?

ಪ್ರಶ್ನೆ:
ಮರದ ಹ್ಯೂಮಿಡಾರ್ (ಸಿಗಾರ್ ಒಣಗದಂತೆ ಇಡುವ ಪೆಟ್ಟಿಗೆ), ಒಳಗೆ ತೇವ ಕೊಡುವ ಹಸಿರು ಸ್ಪಂಜಿನ ಹ್ಯೂಮಿಡಿಫೈಯರ್. ಹಾಕುತ್ತಿರುವುದು ಕಾಯಿಸಿ ಆರಿಸಿದ ನಲ್ಲಿ ನೀರು. ಸ್ಪಂಜಿನ ಮೇಲೆ ಬಿಳಿ ಪೊರೆ ಕಟ್ಟಿ ಗಟ್ಟಿಯಾಗಿದೆ, ನೀರನ್ನೂ ಸರಿಯಾಗಿ ಹೀರುತ್ತಿಲ್ಲ. ಆರ್‌ಓ ನೀರು ಅಥವಾ ಬ್ಯಾಟರಿ ನೀರು ನಡೆಯುತ್ತದೆಯೇ?

ಉತ್ತರ 1:
ಆ ಬಿಳಿ ಪೊರೆ ಸುಣ್ಣ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಲವಣ ಹೋಗುವುದಿಲ್ಲ. ಒಂದಿಷ್ಟು ಪಾತ್ರೆಯ ತಳಕ್ಕೆ ಕೂರುತ್ತದೆ, ಮಿಕ್ಕಿದ್ದು ನೀರಲ್ಲೇ ಉಳಿಯುತ್ತದೆ. ಸ್ಪಂಜಿನಿಂದ ಆವಿಯಾಗುವುದು ನೀರು ಮಾತ್ರ, ಹಾಗಾಗಿ ಪ್ರತಿ ಸಲ ತುಂಬಿದಾಗಲೂ ಲವಣ ಸೇರುತ್ತಾ ಹೋಗಿ ರಂಧ್ರ ಮುಚ್ಚುತ್ತದೆ. ಬಾಟಲಿಯ ಮಿನರಲ್ ವಾಟರ್ ಹಾಕಿದರೂ ಇದೇ ಕಥೆ. ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ತಣಿಸಿ ಲವಣ ತೆಗೆದ ನೀರು, ಒಂದೇ ಸರಿ. ಈಗಿರುವ ಸ್ಪಂಜು ಬದಲಿಸಿಬಿಡಿ. ವಿನೆಗರ್‌ನಲ್ಲಿ ನೆನೆಸಿದರೆ ಸುಣ್ಣ ಕರಗುತ್ತದೆ ನಿಜ, ಆದರೆ ಆ ವಾಸನೆಯನ್ನು ತಂಬಾಕು ಎಳೆದುಕೊಳ್ಳುತ್ತದೆ.

ಉತ್ತರ 2:
ಆರ್‌ಓ ನೀರಿನಲ್ಲೂ ಸ್ವಲ್ಪ ಲವಣ ಇದ್ದೇ ಇರುತ್ತದೆ. ರುಚಿಗೆಂದು ಖನಿಜ ಮರಳಿ ಸೇರಿಸುವ ಯಂತ್ರವಾದರೆ ಬೇಡವೇ ಬೇಡ. ಬ್ಯಾಟರಿ ನೀರಿನಲ್ಲಿ ಲವಣ ಕಡಿಮೆ, ಆದರೆ ಅದು ಬಾಯಿಗೆ ಹೋಗುವ ವಸ್ತುವಿಗೆಂದು ತುಂಬಿದ್ದಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರಂತೂ ಮುಟ್ಟಬೇಡಿ, ಧೂಳು, ಬೂಷ್ಟಿನ ಕಣ ಎಲ್ಲ ಅದರಲ್ಲಿರುತ್ತವೆ.

ಉತ್ತರ 3:
ಒಂದು ಮಾತು ಸೇರಿಸಬೇಕು: ಡಿಸ್ಟಿಲ್ಡ್ ವಾಟರ್ ಬೂಷ್ಟನ್ನು ತಡೆಯುವುದಿಲ್ಲ. ಬರೀ ನೀರು ಆರ್ದ್ರತೆಯನ್ನು ಏರಿಸುತ್ತಲೇ ಇರುತ್ತದೆ. 75% ದಾಟಿದರೆ ಅಪಾಯ. ಸ್ಪಂಜಿಗೆ ಮೊದಲ ಸಲ ಪ್ರೊಪಿಲೀನ್ ಗ್ಲೈಕಾಲ್ (ತೇವ ಹಿಡಿದಿಡುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ಹಾಕಿ, ಸುಮಾರು 70%ಕ್ಕೆ ನಿಲ್ಲುತ್ತದೆ. ಹೆಚ್ಚಾದದ್ದನ್ನು ಬಸಿದು, ಹನಿ ಬೀಳುವುದು ನಿಂತ ಮೇಲೇ ಒಳಗಿಡಿ. ಆಮೇಲೆ ತುಂಬುವಾಗ ಬರೀ ನೀರು ಸಾಕು. ಗ್ಲೈಕಾಲ್ ಬೇಗ ಆವಿಯಾಗುವುದಿಲ್ಲ, ಪ್ರತಿ ಸಲ ಹಾಕಿದರೆ ಅಂಟಂಟಾಗಿ ಸ್ಪಂಜು ಕಟ್ಟಿಕೊಳ್ಳುತ್ತದೆ. ಸ್ಪಂಜಿನ ಬದಲು ತೇವ ಹೀರಿ ಬಿಡುವ ಸಿಲಿಕಾ ಮಣಿ ಬಳಸುವವರು ಗ್ಲೈಕಾಲ್ ಸೋಕಿಸಲೇಬಾರದು.

ಪ್ರಶ್ನೆ ಕೇಳಿದವರು:
ಪೆಟ್ಟಿಗೆಯ ಆರ್ದ್ರತೆ ಮೀಟರ್ ಈಗ 68% ತೋರಿಸುತ್ತಿದೆ. ನಂಬಬಹುದೇ? ಪೈಪ್ ತಂಬಾಕನ್ನೂ ಇದರಲ್ಲೇ ಇಡಬಹುದೇ?

ಉತ್ತರ 3:
ಪರೀಕ್ಷಿಸದೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು. ಮೀಟರ್ ಜೊತೆ ಜಿಪ್ ಚೀಲದಲ್ಲಿ 24 ಗಂಟೆ ಮುಚ್ಚಿಡಿ. 75% ತೋರಿಸಬೇಕು, 71 ತೋರಿಸಿದರೆ ನಿಮ್ಮ 68 ಅಂದರೆ ನಿಜಕ್ಕೂ 72.

ಪೈಪ್ ತಂಬಾಕು ಬೇರೆ ಗಾಜಿನ ಜಾಡಿಯಲ್ಲಿರಲಿ, ಸಿಗಾರ್ ಅದರ ವಾಸನೆ ಹಿಡಿಯುತ್ತದೆ. ಒಣಗಿದ್ದರೆ ನೀರು ಸುರಿಯಬೇಡಿ: ಬಟ್ಟಲಲ್ಲಿ ಹರಡಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಂಬಾಕಿಗೆ ತಾಗದಂತೆ ಬಟ್ಟಲಿನ ಬಾಯಿಗೆ ಬಿಗಿದು, ಗಂಟೆಗೊಮ್ಮೆ ಕೈಯಾಡಿಸಿ. ಚಿಟಿಕೆ ಹಿಡಿದು ಒತ್ತಿ ಬಿಟ್ಟಾಗ ಪುಡಿಯಾಗದೆ, ಮುದ್ದೆಯಾಗಿಯೂ ಉಳಿಯದೆ ನಿಧಾನವಾಗಿ ಬಿಚ್ಚಿಕೊಂಡರೆ ಬಟ್ಟೆ ತೆಗೆದು ಜಾಡಿಗೆ ತುಂಬಿ.